ಛಾವಣಿ ನೋಡುವ ಅಳಿಯ

ಸುಳ್ಯದ ದೇವಕಿ ದೊಡ್ಡಮ್ಮ ಬೆಲ್ಲ, ನೀರು ಹಿಡಿದುಕೊಂಡು ನಿಂತೇ ಇದ್ದರು.

ಒಂದು ನಿಮಿಷ... ಎರಡು ನಿಮಿಷ... ತಟ್ಟೆಯಲ್ಲಿ ಬೆಲ್ಲ ಕರಗಿತು, ಚೆಂಬಿನಲ್ಲಿ ನೀರು ಕುದಿಯಿತು ಎಂದರೂ ತಪ್ಪಲ್ಲ. ಆ ಏಪ್ರಿಲ್ಲಿನ ಬಿಸಿಲು ಅಂಥದ್ದು!

ಎದುರಿಗಿದ್ದ ತಂಗಿಯ ಅಳಿಯ ದಿಶಾಂತ್ ಮಾತ್ರ ಅವರ ಮುಖವನ್ನೂ ನೋಡಲಿಲ್ಲ, ಚೆಂಬನ್ನೂ ನೋಡಲಿಲ್ಲ. ತಲೆಯೆತ್ತಿ ಛಾವಣಿ ನೋಡುತ್ತಿದ್ದ.

ಪಕ್ಕದಲ್ಲಿ ಏಳು ತಿಂಗಳ ಮಗಳು ಚಿನ್ಮಯಿಯನ್ನು ಎತ್ತಿಕೊಂಡಿದ್ದ ಹೆಂಡತಿ ತೃಪ್ತಿಯ ಕಿವಿ ಕೆಂಡವಾಯಿತು.

'ಹೆಣ್ಣು ನೋಡಲು ಬಂದ ದಿನ ನನ್ನ ಮೇಲಿಟ್ಟ ಕಣ್ಣನ್ನು ಕೀಳಲು ಕ್ರೇನ್ ಬೇಕಿತ್ತು. ಈಗ ನನ್ನವರ ಮನೆಗೆ ಬಂದರೆ ಮನುಷ್ಯರೇ ಕಾಣುವುದಿಲ್ಲ ಇವರಿಗೆ...'

ಅದು ಮಗುವಿನ ಮೊದಲ ಬೇಸಿಗೆ. ಕೂಸನ್ನು ತೋರಿಸಿ ಬರಬೇಕಾದ ಮನೆಗಳ ಪಟ್ಟಿಯನ್ನು ಬಿಡಿಸಿದರೆ ಪುತ್ತೂರಿನಿಂದ ಗುಂಡ್ಯದವರೆಗೆ ರಸ್ತೆಗೆ ಹಾಸಬಹುದಿತ್ತು. ಪುತ್ತೂರಿನ ದರ್ಬೆಯಲ್ಲಿರುವ ದಿಶಾಂತನ ಟಯರ್ ಅಂಗಡಿಗೆ ಭಾನುವಾರ ರಜೆ. ಹಾಗಾಗಿ ಭಾನುವಾರಕ್ಕೊಂದು ಪ್ರಯಾಣ, ಪ್ರಯಾಣಕ್ಕೊಂದು ಮಹಾಯುದ್ಧ.

ಮಗುವಿಗೆ ತೊಟ್ಟಿಲು ಕಟ್ಟಲೆಂದು ದೊಡ್ಡಮ್ಮ ತಮ್ಮ ಮೆತ್ತನೆಯ ಹಳೆ ಸೀರೆಯನ್ನು ಏಳು ಸಲ ಒಗೆದು ಮಡಚಿಟ್ಟಿದ್ದರು. ಊಟವಾಗಿ ಹೆಂಗಸರು ಮಗುವಿನೊಡನೆ ಹಿಂದಿನ ಜಗಲಿಯಲ್ಲಿ ಕುಳಿತಿದ್ದಾಗ ಎಲ್ಲೋ 'ಧೊಪ್' ಎಂದಿತು. ಸುಳ್ಯ ಪೇಟೆಯೇ ನಡುಗುವಂಥ ಸದ್ದು.

"ಹಲಸು ಬಿತ್ತು," ಎಂದು ದೊಡ್ಡಮ್ಮ ಮರದ ಬುಡಕ್ಕೆ ಓಡಿದರು. ಅಲ್ಲಿ ಒಂದು ಎಲೆಯೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ದಿಶಾಂತ್ ಹೊರಬಂದು ಮಗುವನ್ನು ಕೇಳಿ ತೆಗೆದುಕೊಂಡ. ಬಲಗೈಯ ಮಣಿಕಟ್ಟು ಬೋಂಡದಷ್ಟು ಊದಿತ್ತು.

"ಇಲ್ಲಿ ತೊಟ್ಟಿಲು ಬೇಡ," ಎಂದ.

ಕೈಗೇನಾಯಿತು ಎಂದು ಕೇಳಿದ್ದಕ್ಕೆ "ಎಂತ ಇಲ್ಲ" ಎಂದ. ಸಂಜೆಯವರೆಗೆ ಮಗುವನ್ನು ತೊಡೆಯ ಮೇಲೆಯೇ ಮಲಗಿಸಿಕೊಂಡು ಕುಳಿತ. ದೊಡ್ಡಮ್ಮ ಸೀರೆಯನ್ನು ಪೆಟ್ಟಿಗೆಗೆ ಹಾಕಿದರು. ಅವರ ಕಣ್ಣು ಒದ್ದೆಯಾದದ್ದು ತೃಪ್ತಿಗೆ ಕಂಡಿತು.

ಮುಂದಿನ ಭಾನುವಾರ ಗುಂಡ್ಯದಲ್ಲಿ, ತೃಪ್ತಿಯ ಗೆಳತಿ ಜಸೀನಾಳ ಮನೆ. ಅಲ್ಲಿಯೂ ಅದೇ ಕತ್ತು, ಅದೇ ಛಾವಣಿ. ಜಸೀನಾ ನಕ್ಕು, "ನಿಮ್ಮವರು ಪಂಚಾಯತಿನವರಾ ಮಾರಾಯ್ತಿ? ಮನೆ ತೆರಿಗೆ ಏರಿಸ್ಲಿಕ್ಕೆ ಬಂದದ್ದಾ?" ಎಂದಳು. ಆದರೆ ಅಲ್ಲಿ ದಿಶಾಂತ್ ತಾನೇ ನಿಂತು ತೊಟ್ಟಿಲು ಕಟ್ಟಿದ!

ವಾಪಸು ಬರುವಾಗ ತೃಪ್ತಿ ಸ್ಫೋಟಿಸಿದಳು.

"ಜಸೀನಾಳ ಮನೆಯಲ್ಲಿ ಆಗ್ತದೆ, ದೊಡ್ಡಮ್ಮನ ಮನೆಯಲ್ಲಿ ಆಗುದಿಲ್ಲ. ನನ್ನ ಕಡೆಯವರು ಅಂದ್ರೆ ಅಷ್ಟು ಕೇವಲವಾ ನಿಮಗೆ?"

ದಿಶಾಂತ್ ಗೇರ್ ಬದಲಿಸಿದ.

"ಬರುವ ವಾರ ಪೆರಾಬೆಗೆ, ನನ್ನ ಅಪ್ಪನ ಮನೆಗೆ. ಅಲ್ಲಿಯೂ ಮನೆಯ ಮಾಡು ನೋಡಿದ್ರೆ ನಾನೂ ಮಗುವೂ ಅಲ್ಲಿಯೇ ನಿಲ್ಲುದು. ದರ್ಬೆಗೆ ನೀವೊಬ್ಬರೇ ಹೋಗಿ."

ಆ ವಾರ ದರ್ಬೆಯ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಅವುಗಳ ಸದ್ದನ್ನು ಗುಡುಗೆಂದು ತಿಳಿದ ನೆರೆಮನೆಯವರು ಮೂರು ಸಲ ಒಣಗಿದ ಬಟ್ಟೆ ಒಳಗೆ ತಂದರಂತೆ.

ಭಾನುವಾರ ತೃಪ್ತಿ ಎರಡು ಬ್ಯಾಗ್ ತುಂಬಿದಳು. ಒಂದರಲ್ಲಿ ಮಗುವಿನದ್ದು, ಒಂದರಲ್ಲಿ ತನ್ನದು. ಒಂದು ದಿನದ ಪ್ರಯಾಣಕ್ಕೆ ಎರಡು ತಿಂಗಳ ಬಟ್ಟೆ. ದಿಶಾಂತ್ ನೋಡಿದ, ಎರಡನ್ನೂ ಕಾರಿಗೆ ಹಾಕಿದ.

ಪೆರಾಬೆಯಲ್ಲಿ ಅಪ್ಪ ಪ್ರೇಮನಾಥರು ಬಾಗಿಲಲ್ಲೇ ನಿಂತಿದ್ದರು. ಮಾರ್ಚಿನಲ್ಲಿ ತಾವೇ ಏಣಿ ಹತ್ತಿ ಮನೆಯ ಹಂಚು ಬದಲಿಸಿದವರು. ದಿಶಾಂತ್ ತಲೆ ತಗ್ಗಿಸಿಯೇ ಹೊಸ್ತಿಲು ದಾಟಿದ. ಒಂದು ಹೆಜ್ಜೆ... ಎರಡು... ಮೂರು...

ಯಾರೋ ದಾರ ಕಟ್ಟಿ ಎಳೆದ ಹಾಗೆ ಅವನ ಕತ್ತು ಮೇಲೆದ್ದಿತು.

"ಅಳಿಯಂದಿರು ಬಂದದ್ದು ಮಾಡು ನೋಡ್ಲಿಕ್ಕಾ, ಮನುಷ್ಯರನ್ನು ನೋಡ್ಲಿಕ್ಕಾ?" ಪ್ರೇಮನಾಥರು ಕೇಳಿದರು.

"ಎರಡಕ್ಕೂ," ಎಂದ ದಿಶಾಂತ್.

ತೃಪ್ತಿ ಎರಡೂ ಬ್ಯಾಗ್ ಒಳಗೊಯ್ದಳು. 'ಮುಗಿಯಿತು...' ಎಂದುಕೊಂಡಳು. ಮುಗಿಯಲಿ ಎಂದು ಹೇಳಿದ್ದು ತಾನೇ. ಮತ್ತೆ ಎದೆಯೊಳಗೆ ಒನಕೆ ಕುಟ್ಟಿದ ಹಾಗಾಗುವುದೇಕೆ?

ಊಟಕ್ಕೆ ಕುಳಿತಾಗ ಪ್ರೇಮನಾಥರು ಪ್ರತಿ ತುತ್ತನ್ನೂ ಅಳಿಯನ ಹೆಸರಿಟ್ಟೇ ಜಗಿದರು. ಊಟ ಮುಗಿಸಿ ಎಲ್ಲರೂ ಸೆಖೆಗೆ ಸೋತು ಜಗಲಿಯಲ್ಲಿ ಅಡ್ಡಾದರು. ಮಗುವಿನ ಬಟ್ಟೆ ತರಲು ತೃಪ್ತಿ ನಡುಕೋಣೆಗೆ ಹೋದಳು. ಹೋದವಳು ಬಾಗಿಲಲ್ಲೇ ಕಂಬವಾದಳು.

ತೊಟ್ಟಿಲಿನ ಕೊಕ್ಕೆಗೆ ಹಗ್ಗ ಬಿಗಿದು, ಆ ಹಗ್ಗ ಹಿಡಿದು, ಕಾಲು ಮಡಚಿಕೊಂಡು ಬಾಳೆಗೊನೆಯ ಹಾಗೆ ತೂಗುತ್ತಿದ್ದ ದಿಶಾಂತ್.

"ಎಂತ ಮಾಡುದು ನೀವು?"

"ನೂರು ಎಣಿಸ್ಬೇಕು. ಅರವತ್ತೆರಡು ಆಯ್ತು."

"ಎಂತದಕ್ಕೆ?"

"ನಾನು ಎಪ್ಪತ್ತೆರಡು ಕಿಲೋ. ಅವಳು ಏಳು. ನನ್ನನ್ನು ತಡೆದ್ರೆ ಅವಳನ್ನು ತಡೀತದೆ."

ತೃಪ್ತಿಯ ತಲೆಯೊಳಗೆ ಏನೋ 'ಧೊಪ್' ಎಂದಿತು.

"ಸುಳ್ಯದಲ್ಲಿ... ಆ ಹಲಸು..."

"ನಾನೇ. ಮಾಡಿನ ಮರದ ಪಕ್ಕಾಸಿಗೆ ಗೆದ್ದಲು ಹಿಡಿದಿತ್ತು. ಹತ್ತು ಎಣಿಸುವಾಗ ಕೊಕ್ಕೆ ಕೈಗೇ ಬಂತು. ಕಾರಿನಲ್ಲಿ ಉಂಟು ಅದು."

"ಹೇಳ್ಬಾರದಿತ್ತಾ?"

"ಅಷ್ಟು ಆಸೆಯಲ್ಲಿ ಸೀರೆ ಒಗೆದು ಇಟ್ಟಿದ್ರು ದೊಡ್ಡಮ್ಮ. ನಿಮ್ಮ ಮನೆಯಲ್ಲಿ ಮಗು ಬೀಳ್ತಿತ್ತು ಅಂತ ಹೇಗೆ ಹೇಳುದು? ಮತ್ತೆ ಅವರಿಗೆ ನಿದ್ದೆ ಬರ್ತದಾ?"

ಎರಡು ವಾರ ಸಾಕಿ ಬೆಳೆಸಿದ ಕೋಪಕ್ಕೆ ನಿಲ್ಲಲು ಜಾಗ ಸಿಗಲಿಲ್ಲ. ತನ್ನವರ ಮರ್ಯಾದೆ ಕಳೆದ ಎಂದು ಯಾರ ಮೇಲೆ ಯುದ್ಧ ಸಾರಿದ್ದಳೋ, ಅವನೇ ಅದನ್ನು ಊದಿದ ಕೈಯಲ್ಲಿ ಎತ್ತಿ ಹಿಡಿದಿದ್ದ.

"ನನ್ನತ್ರ ಆದ್ರೂ..." ಅವಳು ಹೊಸ್ತಿಲು ದಾಟಿ ಒಳಗೆ ಬಂದಳು. "ನಾನು ಎಷ್ಟು ಬೈದೆ ನಿಮಗೆ..."

"ಮಾತಾಡ್ಲಿಕ್ಕೆ ಬರುದಿಲ್ಲ ತೃಪ್ತಿ, ನನಗೆ. ಬೇಕಾದ್ರೆ ನೇತಾಡ್ತೇನೆ."

ಅವಳು ಅತ್ತಳೋ ನಕ್ಕಳೋ, ಎರಡೂ ಒಂದೇ ಉಸಿರಿನಲ್ಲಿ ಬಂದವು.

"ತೊಂಬತ್ತೆಂಟು, ತೊಂಬತ್ತೊಂಬತ್ತು, ನೂರು," ಎಂದಿತು ಬಾಗಿಲ ಕಡೆಯ ದಪ್ಪ ಸ್ವರ. ಪ್ರೇಮನಾಥರು ತಾವು ಹೊದೆಸಿದ ಛಾವಣಿಯನ್ನೇ ನೋಡುತ್ತ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. "ನನ್ನ ಪಕ್ಕಾಸು ಗಟ್ಟಿ ಉಂಟು ಅಳಿಯಂದಿರೇ. ಬಂದವರು ಬೆಲ್ಲ ನೀರು ಕುಡೀಲಿಲ್ಲ ನೀವು. ತರ್ತೇನೆ."

ಅವರು ಹೋದರು. ದಿಶಾಂತ್ ಇನ್ನೂ ತೂಗುತ್ತಲೇ ಇದ್ದ.

"ಸಂಜೆ ಎಷ್ಟು ಗಂಟೆಗೆ ಹೊರಡುದು?" ತೃಪ್ತಿ ಮೆಲ್ಲನೆ ಕೇಳಿದಳು.

"ನೀನು ಬರುದಿಲ್ಲ ಅಂದಿದ್ದಿಯಲ್ಲ?"

"ಮೊದಲು ಕೆಳಗೆ ಇಳೀರಿ. ನನ್ನ ಮುಖ ನೋಡಿ ಕೇಳಿ."

ಅವನು ಇಳಿದ. ಈ ಸಲ ಕತ್ತು ಮೇಲೇಳಲಿಲ್ಲ.

"ಬರ್ತೀಯಾ?"

"ಸುಳ್ಯದ ದಾರಿಯಲ್ಲಿ ಹೋಗುವ," ಎಂದಳು ಅವಳು, ಅವನ ಇನ್ನೂ ಊತ ಇಳಿಯದ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು. "ದೊಡ್ಡಮ್ಮನ ಸೀರೆ ಕೇಳಿ ತರ್ಲಿಕ್ಕುಂಟು. ನಮ್ಮ ಮನೆಯಲ್ಲಿ ಕಟ್ಟುವ."