ನಿಂತ ಗಡಿಯಾರ, ಖಾಲಿ ಪಂಜರ

"ಅಮ್ಮಾ, ನನ್ನ ಜುಟ್ಟು ಕಳುವಾಗಿದೆ" ಎನ್ನುತ್ತ ಗಡಿಯಾರ ರಿಪೇರಿಯವರು ಒಳಗೆ ಬಂದಾಗ ನಾನು ಅವರ ತಲೆಯನ್ನೇ ನೋಡಿದೆ. ಅಲ್ಲಿ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರಲಿಲ್ಲ. ದೊಡ್ಡಮ್ಮ ನನ್ನನ್ನು ಕಣ್ಣಲ್ಲೇ ಗದರಿಸಿ, ಅವರಿಗೆ ಕುರ್ಚಿ ತೋರಿಸಿದರು.

ದೊಡ್ಡಮ್ಮ ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ನಿವೃತ್ತಿಯಾದ ಮೇಲೆ ನಮ್ಮ ಮನೆಯಲ್ಲೇ ಇದ್ದಾರೆ. ಬೀದಿಯಲ್ಲಿ ಯಾರದ್ದೇನು ಕಳೆದರೂ ಮೊದಲು ಅವರಲ್ಲಿಗೇ ಓಡಿ ಬರುತ್ತಾರೆ. ನನ್ನದು ಕನ್ನಡಕದಂಗಡಿ. ಊರಿಗೆಲ್ಲ ಕಣ್ಣು ಕೊಡುವವನು ನಾನು, ನೋಡುವವರು ಮಾತ್ರ ದೊಡ್ಡಮ್ಮ.

ಜುಟ್ಟು ಎಂದರೆ ರಿಪೇರಿಯವರು ಸಾಕಿದ ಹಕ್ಕಿ. ಬೂದು ಮೈ, ಹಳದಿ ಜುಟ್ಟು. ಅವರ ಹೆಂಡತಿ ಬೆಳಿಗ್ಗೆ ಗೋಡೆ ಗಡಿಯಾರಕ್ಕೆ ಕೀ ಕೊಡುವಾಗ ನಾಲ್ಕೇ ನಾಲ್ಕು ಸ್ವರದ ಒಂದು ಸಿಳ್ಳೆ ಹಾಕುತ್ತಿದ್ದರಂತೆ. ಹಕ್ಕಿ ಅದನ್ನು ಕಲಿತಿತ್ತು. ಆಕೆ ತೀರಿಕೊಂಡು ಎರಡು ವರ್ಷವಾದರೂ, ಗಡಿಯಾರಕ್ಕೆ ಕೀ ಕೊಟ್ಟ ಕೂಡಲೇ ಆ ಸಿಳ್ಳೆ ಕೇಳುತ್ತಿತ್ತು.

"ಅವಳದ್ದು ಅಂತ ನನಗೆ ಉಳಿದಿರೋದು ಅದೊಂದೇ" ಎಂದರು ಅವರು. "ಹಕ್ಕಿ ಒಂಟಿಯಾಗಿ ಕಾಳು ಬಿಟ್ಟಿತ್ತು. ಜೊತೆಗಿರಲಿ ಅಂತ ಅದರದ್ದೇ ಬಣ್ಣದ ಇನ್ನೊಂದನ್ನ ತಂದೆ. ಅದೇ ನನಗೆ ಮುಳುವಾಯ್ತು. ನನ್ನ ಭಾವಮೈದ ನೋಡಿದ. 'ಭಾವ, ನಿಮಗೆ ಹೊಸದು ಬಂತಲ್ಲ, ಅಕ್ಕನ ಸಿಳ್ಳೆ ನನಗೆ ಕೊಡಿ' ಅಂದ. ಅವಳ ಒಡಹುಟ್ಟಿದವನು, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಈ ಭಾನುವಾರ ತಗೊಂಡು ಹೋಗು ಅಂತ ಮಾತು ಕೊಟ್ಟೆ. ಮೊನ್ನೆ ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದರೆ ಪಂಜರ ಖಾಲಿ! ಈಗ ಅವನು ನಾನೇ ಬಚ್ಚಿಟ್ಟಿದೀನಿ ಅಂತಾನೆ. ಹಕ್ಕಿನೂ ಹೋಯ್ತು, ಸಂಬಂಧನೂ ಹೋಯ್ತು."

"ಮನೆ ಬೀಗದ ಕೈ ಯಾರ ಹತ್ತಿರ ಇದೆ?" ದೊಡ್ಡಮ್ಮ ಕೇಳಿದರು.

"ನನ್ನ ಹತ್ತಿರ, ನಮ್ಮಕ್ಕನ ಹತ್ತಿರ. ಒಂದು ಅವನ ಹತ್ತಿರಾನೂ ಇದೆ."

ನನಗೆ ಅಲ್ಲಿಗೇ ಕಳ್ಳ ಸಿಕ್ಕಿಬಿಟ್ಟಿದ್ದ. ಆ ಭಾವಮೈದ ಬಸ್ ಡ್ರೈವರ್, ಮಾತು ಒರಟು. ಕೊಡುತ್ತೇನೆಂದವರು ಮನಸ್ಸು ಬದಲಾಯಿಸುವ ಮೊದಲೇ ಎತ್ತಿಕೊಂಡು ಹೋಗಿ, ಈಗ ಕೂಗಾಡುತ್ತಿರಬೇಕು. ರಿಪೇರಿಯವರ ಮನೆಗೆ ಹೋಗುವ ದಾರಿಯಲ್ಲಿ ಹೀಗೆಂದು ಹೇಳಿದೆ. "ಹೂಂ" ಎಂದರು ದೊಡ್ಡಮ್ಮ. ಅವರ 'ಹೂಂ' ಅಂದರೆ ಸಾಮಾನ್ಯವಾಗಿ 'ಅಲ್ಲ' ಎಂದೇ ಅರ್ಥ.

ಮುಂದಿನ ಕೋಣೆಯ ಕಿಟಕಿ ಪಕ್ಕದಲ್ಲಿ ಪಂಜರ ತೂಗುತ್ತಿತ್ತು. ಒಳಗೆ ಒಂದು ಪುಕ್ಕ, ಅರ್ಧ ತಿಂದ ಕಾಳು. ಪಂಜರದ ಬಾಗಿಲಿಗೆ ಚಿಲಕ ಹಾಕಿತ್ತು.

"ನೀವು ಹಾಕಿದ್ರಾ?" ದೊಡ್ಡಮ್ಮ ಕೇಳಿದರು.

"ಇಲ್ಲಮ್ಮ, ಹೀಗೇ ಇತ್ತು."

ಎದುರು ಗೋಡೆಯ ಗಡಿಯಾರ ಏಳು ಇಪ್ಪತ್ತಕ್ಕೆ ನಿಂತಿತ್ತು. ಗಡಿಯಾರ ರಿಪೇರಿಯವರ ಮನೆಯಲ್ಲೇ ಗಡಿಯಾರ ನಿಂತಿದ್ದು ಕಂಡು ನನಗೆ ನಗು ಬಂತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ.

"ಅಕ್ಕ ಬೇಡ ಅಂದ್ಲು. ಕೀ ಕೊಟ್ಟು, ಸಿಳ್ಳೆ ಕೇಳದೇ ಇದ್ರೆ ಸಂಕಟ ಜಾಸ್ತಿ ಆಗುತ್ತೆ, ಸ್ವಲ್ಪ ದಿನ ಮುಟ್ಟಲೇಬೇಡ ಅಂದ್ಲು" ಎಂದರು ಅವರು.

ಅಷ್ಟರಲ್ಲಿ ಅಕ್ಕ ತಾರಸಿಯ ಮೆಟ್ಟಿಲಿಳಿದು ಬಂದರು. ತಮ್ಮನಿಗಿಂತ ಹತ್ತು ವರ್ಷ ದೊಡ್ಡವರು, ತಮ್ಮನ ಮದುವೆಗೂ ಮೊದಲಿನಿಂದ ಆ ಮನೆಯನ್ನು ನಡೆಸಿದವರು. "ಬಟ್ಟೆ ಒಣಗಿದೆಯಾ ಅಂತ ನೋಡೋಕೆ ಹೋಗಿದ್ದೆ" ಎಂದರು. ಕೈ ಖಾಲಿ ಇತ್ತು, ತೋಳಿಗೆ ಕಾಳಿನ ಹೊಟ್ಟು ಅಂಟಿತ್ತು. "ಆ ಜುಟ್ಟು ಹೋಗಿದ್ದೇ ಒಳ್ಳೇದಾಯ್ತು ಬಿಡಿ. ಹಕ್ಕಿ ಅಂದ್ರೆ ಮನೆ ತುಂಬ ಪುಕ್ಕ, ಕಿವಿ ತುಂಬ ಗಲಾಟೆ."

ಹಾಗೆನ್ನುತ್ತಲೇ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದು, ಹೊಸ ಹಕ್ಕಿಗೆ ನೀರಿಡಲು ಹಿಂದಿನ ಕೋಣೆಗೆ ಹೋದರು. ಹಿಂದೆಯೇ ಹೊರಟ ದೊಡ್ಡಮ್ಮನನ್ನು ತಡೆದರು.

"ಬರಬೇಡಿ! ಹೊಸ ಹಕ್ಕಿಯಿಂದ ಹಳೇದಕ್ಕೆ ರೋಗ ಅಂಟಬಾರದು ಅಂತ ಹಕ್ಕಿ ಡಾಕ್ಟರು ಮೂವತ್ತು ದಿನ ಬೇರೆ ಇಡೋಕೆ ಹೇಳಿದಾರೆ. ಒಬ್ಬರೇ ಒಳಗೆ ಹೋಗಬೇಕು, ಬಂದ ಮೇಲೆ ಕೈ ತೊಳೀಬೇಕು. ಇನ್ನೂ ಹನ್ನೆರಡು ದಿನ ಇದೆ."

"ಅಕ್ಕ ಈ ವಿಷಯದಲ್ಲಿ ಮಿಲಿಟರಿ" ಎಂದರು ತಮ್ಮ. "ಹದಿನೆಂಟು ದಿನ ಒಂದು ಸಲವೂ ತಪ್ಪಿಸಿಲ್ಲ."

ಅಕ್ಕ ಹೊರಗೆ ಬಂದು ಬಾಗಿಲೆಳೆದುಕೊಂಡರು. ನೇರ ಅಡುಗೆಮನೆಗೆ ಹೋಗಿ ನಮಗೆಂದು ಸೇಬು ಹೆಚ್ಚತೊಡಗಿದರು. ದೊಡ್ಡಮ್ಮ ಒಂದು ಹೋಳು ತಿಂದು, ಬಾಯೊರೆಸಿಕೊಂಡು ಹೇಳಿದರು: "ಸಂಜೆ ಐದಕ್ಕೆ ನಿಮ್ಮ ಭಾವಮೈದನನ್ನ ಕರೆಸಿ. ಹಕ್ಕಿ ಸಿಗುತ್ತೆ."

ಐದಕ್ಕೆ ಎಲ್ಲರೂ ಮುಂದಿನ ಕೋಣೆಯಲ್ಲಿ ಸೇರಿದೆವು. ಡ್ರೈವರ್ ಕೂರಲಿಲ್ಲ, ಬಾಗಿಲಿಗೊರಗಿ ನಿಂತ. "ನನಗೆ ನಾಟಕ ನೋಡೋಕೆ ಪುರುಸೊತ್ತಿಲ್ಲ. ಕೊಡೋಕೆ ಮನಸ್ಸಿಲ್ಲ ಅಂದಿದ್ರೆ ಮುಗೀತಿತ್ತು, ಭಾವ. ಸುಳ್ಳು ಯಾಕೆ?"

"ಅವರು ಸುಳ್ಳು ಹೇಳಿಲ್ಲ, ನೀವು ಕದ್ದಿಲ್ಲ" ಎಂದರು ದೊಡ್ಡಮ್ಮ. "ಮೊದಲು ಈ ಚಿಲಕ ನೋಡಿ. ಹಕ್ಕಿ ತಾನಾಗೇ ಹಾರಿದ್ರೆ ಚಿಲಕ ಹಾಕಿ ಹೋಗಲ್ಲ. ಅವಸರದಲ್ಲಿ ಕದ್ದವನು ಖಾಲಿ ಪಂಜರ ಯಾಕೆ ಮುಚ್ತಾನೆ? ಬಾಗಿಲು ತೆಗೆದಿದ್ರೆ ಮುಚ್ಚದೇ ಇರೋಕಾಗದ ಕೈ ಇದು. ಮನೆ ನಡೆಸೋ ಕೈ."

ಅಕ್ಕ ಕಿಟಕಿಯಾಚೆ ನೋಡತೊಡಗಿದರು.

"ಎರಡನೇದು, ತಾರಸಿ. ಬಟ್ಟೆ ನೋಡೋಕೆ ಹೋದವರ ತೋಳಿಗೆ ಕಾಳಿನ ಹೊಟ್ಟು ಅಂಟಿತ್ತು. ಹೊಸ ಹಕ್ಕಿ ಇರೋದು ಹಿಂದಿನ ಕೋಣೆಯಲ್ಲಿ, ಹಳೇದು ಎಲ್ಲೂ ಇಲ್ಲ. ಹಾಗಾದ್ರೆ ಮೇಲೆ ಕಾಳು ತಿಂತಿರೋದು ಯಾರು? ಮೂರನೇದು, ಕೈ ತೊಳೆದಿದ್ದು."

"ಹೊಸ ಹಕ್ಕಿ ಮುಟ್ಟಿದ ಮೇಲೆ ತೊಳೀಬೇಕಲ್ವಾ?" ಎಂದೆ ನಾನು.

"ಮೇಲೆ ಅಂತ ನೀನೇ ಹೇಳಿದೆ ನೋಡು. ಇವರು ತೊಳೆದಿದ್ದು ಒಳಗೆ ಹೋಗೋ ಮುಂಚೆ. ಹೊರಗೆ ಬಂದು, ತೊಳೀದೇ ಸೇಬು ಹೆಚ್ಚಿದ್ರು."

"ಹಳೇ ಹಕ್ಕಿನೇ ಇಲ್ಲ, ಇನ್ನು ಯಾರಿಗೋಸ್ಕರ ತೊಳೀತಾರೆ?" ಎಂದೆ ಮತ್ತೆ.

"ಹಾಗಿದ್ರೆ ತೊಳೆಯೋದನ್ನೇ ಬಿಡಬೇಕಿತ್ತು. ಬಿಡಲಿಲ್ಲ, ತಿರುವುಮುರುವು ಮಾಡಿದ್ರು. ರೋಗ ತರಬಹುದಾದ ಹಕ್ಕಿಯನ್ನ ಮುಟ್ಟಿದ್ದು ತಾರಸಿಯಲ್ಲಿ. ಕಾಪಾಡಬೇಕಾದ ಹಕ್ಕಿ ಇರೋದು ಹಿಂದಿನ ಕೋಣೆಯಲ್ಲಿ. ಸುಳ್ಳು ಹೇಳೋಕೆ ನಾಲಿಗೆ ಒಪ್ಪಿತು, ಕೈ ಒಪ್ಪಲಿಲ್ಲ. ಹೊಸದನ್ನ ಪಂಜರದ ಸಮೇತ ಮೇಲಕ್ಕೆ ಸಾಗಿಸಿ, ಆ ಕೋಣೆನ ಉಜ್ಜಿ ತೊಳೆದು, ಜುಟ್ಟುನ ಬೇರೆ ಪಂಜರದಲ್ಲಿ ಅಲ್ಲಿಟ್ಟಿದಾರೆ. ಒಳಗೆ ಬೇರೆ ಯಾರೂ ಹೋಗೋ ಹಾಗಿಲ್ಲ, ಡಾಕ್ಟರೇ ಹೇಳಿದಾರಲ್ಲ!"

ಡ್ರೈವರ್ ನಂಬಲಿಲ್ಲ. "ಎರಡೂ ಒಂದೇ ಥರ ಇವೆ. ಅದೇ ಅಂತ ಹೆಂಗೆ ಹೇಳ್ತೀರಿ?"

"ಅದಕ್ಕೇ ಇವರು ತಮ್ಮನಿಗೆ ಗಡಿಯಾರ ಮುಟ್ಟಬೇಡ ಅಂದಿದ್ದು. ಅಕ್ಕ, ಆ ಬಾಗಿಲು ತೆಗೀರಿ. ರಿಪೇರಿಯವರೇ, ಕೀ ಕೊಡಿ."

ಅಕ್ಕ ಎದ್ದು ಹೋಗಿ ಬಾಗಿಲು ತೆರೆದರು. ರಿಪೇರಿಯವರು ಸ್ಟೂಲು ಹತ್ತಿದರು. ಸಾಸಿವೆಯಷ್ಟು ಸಣ್ಣ ಸ್ಕ್ರೂ ಹಿಡಿಯುವ ಆ ಕೈಗೆ ಕೀ ಕೂರಿಸಲು ಮೂರು ಸಲ ಬೇಕಾಯಿತು. ಕರ್, ಕರ್, ಕರ್.

ಹಿಂದಿನ ಕೋಣೆಯಿಂದ ಸಿಳ್ಳೆ ಬಂತು. ನಾಲ್ಕು ಸ್ವರ.

ರಿಪೇರಿಯವರು ಗಡಿಯಾರಕ್ಕೇ ಹಣೆಯೊತ್ತಿ ನಿಂತುಬಿಟ್ಟರು. ಡ್ರೈವರ್ ನೆಲದ ಮೇಲೆ ಕುಸಿದು ಕೂತು, ನಾಚಿಕೆಯಿಲ್ಲದೆ ಬಿಕ್ಕಿಬಿಕ್ಕಿ ಅತ್ತ. ನನ್ನ ಕನ್ನಡಕವೂ ಮಂಜಾಯಿತು, ಅದನ್ನು ಮುಚ್ಚಿಡುವುದೇಕೆ.

"ನನಗೆ ಯಾಕೆ ಹೇಳಲಿಲ್ಲ, ಅಕ್ಕ?" ಎಂದರು ತಮ್ಮ.

"ನಿನ್ನ ಮುಖ ಗಾಜಿನ ಗಡಿಯಾರ ಇದ್ದ ಹಾಗೆ. ಒಳಗಿನ ಚಕ್ರ ಎಲ್ಲ ಹೊರಗೇ ಕಾಣುತ್ತೆ. ಮಾತು ಕೊಟ್ಟ ದಿನದಿಂದ ನೀನು ತುತ್ತು ನುಂಗಿಲ್ಲ. ಇವನು ಆಸೆ ಬಿಟ್ಟ ಮೇಲೆ ಹಕ್ಕಿ ಸಿಕ್ತು ಅಂತಿದ್ದೆ." ಆಮೇಲೆ ಡ್ರೈವರನತ್ತ ತಿರುಗಿದರು. "ನಿನ್ನ ಸಂಕಟ ನಾನು ಯೋಚಿಸಲಿಲ್ಲ ಕಣೋ. ಅದು ನನ್ನ ತಪ್ಪು."

ಆತ ಮುಖ ಒರೆಸಿಕೊಂಡ. "ಈ ಗಡಿಯಾರ ಬಿಟ್ಟು ಅದು ನನ್ನ ಮನೆಯಲ್ಲಿ ಸಿಳ್ಳೆ ಹಾಕುತ್ತಾ? ನನಗೆ ಹೊಳೀಲೇ ಇಲ್ಲ. ಇಲ್ಲೇ ಇರಲಿ, ಭಾವ."

"ಹಾಗಾದ್ರೆ ಭಾನುವಾರ ಕೀ ಕೊಡೋ ಕೆಲಸ ನಿನ್ನದು" ಎಂದು ರಿಪೇರಿಯವರು ಗಡಿಯಾರದ ಕೀಯನ್ನು ಅವನ ಅಂಗೈಗೆ ಹಾಕಿದರು.

ಉಳಿದ ಹನ್ನೆರಡು ದಿನ ಕಳೆದು, ಪಂಜರಗಳನ್ನು ಒಂದು ವಾರ ಅಕ್ಕಪಕ್ಕ ಇಟ್ಟು, ಕಡೆಗೆ ಎರಡು ಹಕ್ಕಿಗಳನ್ನೂ ಒಂದೇ ಕೋಲಿನ ಮೇಲೆ ಕೂರಿಸಿದ ಭಾನುವಾರ ನಾವೂ ಹೋಗಿದ್ದೆವು. ಡ್ರೈವರ್ ಕೀ ಕೊಟ್ಟ. ಜುಟ್ಟು ನಾಲ್ಕು ಸ್ವರ ಹಾಡಿತು. ಸ್ವಲ್ಪ ತಡೆದು, ಪಕ್ಕದಲ್ಲಿದ್ದ ಹೊಸದು ಎರಡು ಸ್ವರ ಸರಿಯಾಗಿ ಹಾಡಿ, ಮೂರನೆಯದಕ್ಕೆ ಎಡವಿತು.

ಅಡುಗೆಮನೆಯಿಂದ ಅಕ್ಕನ ದನಿ ಕೇಳಿತು:

"ಮೂರನೇದು ತಪ್ಪಾಯ್ತು. ಇನ್ನೊಂದ್ಸಲ ಕೀ ಕೊಡೋ."