ಇಲಿಬಾಲದ ಜಡೆ

ಒಂದಾನೊಂದು ಕಾಲದ ಮಾತು. ಎಷ್ಟು ಹಳೆಯದೆಂದರೆ, ಹೇಳಿದವರ ಅಜ್ಜಿಗೂ ಅವರ ಅಜ್ಜಿಯೇ ಹೇಳಿದ್ದಂತೆ. ಮುತ್ತಿನಕೆರೆ ಎಂಬ ರಾಜ್ಯದಲ್ಲಿ ಸಿರಿಪಾಲ ಎಂಬ ದೊರೆ ಇದ್ದ. ಅವನ ಲಾಯದಲ್ಲಿ ನೂರೊಂದು ಕುದುರೆಗಳಿದ್ದವು. ಆ ಕುದುರೆಗಳಿಗೆ ಹುಲ್ಲಿನ ಹಾಸು ಹಾಸುವ ಕೆಲಸ ಹೊಂಬಾಳಮ್ಮನದು.

ಹಾಸು ಹಾಸುವುದೆಂದರೆ ಹುಲ್ಲು ಚೆಲ್ಲಿ ಕೈ ಕೊಡವಿಕೊಳ್ಳುವುದಲ್ಲ. ದಿನಾ ಬೆಳಿಗ್ಗೆ ಹುಲ್ಲನ್ನೆಲ್ಲ ತಳದಿಂದ ಎತ್ತಬೇಕು, ಲದ್ದಿ ಬಾಚಬೇಕು, ಒದ್ದೆಯಾದದ್ದನ್ನು ತಿಪ್ಪೆಗೆ ಹಾಕಿ ನೆಲ ಆರಲು ಬಿಡಬೇಕು. ಆಮೇಲೆ ನಡುವೆ ಒಂದು ಗೇಣು, ಗೋಡೆಯ ಬದಿಗೆ ಎರಡು ಗೇಣು ಹೊಸ ಹುಲ್ಲು ಹಾಸಬೇಕು. ಕಡೆಗೆ ಬಾಗಿಲ ಅಂಚಿನಲ್ಲಿ ಹುಲ್ಲಿನ ಜಡೆ ಹೆಣೆದು ಇಡಬೇಕು. ಜಡೆ ನೋಡಿಯೇ ಇದು ಯಾರ ಕೈಯ ಹಾಸು ಎಂದು ಲಾಯದವರು ಹೇಳುತ್ತಿದ್ದರು.

ಹೊಂಬಾಳಮ್ಮನ ಜಡೆ ಮದುಮಗಳ ಜಡೆಯಂತೆ ನುಣುಪು. ಅವಳ ಗಂಡ ಬೊಮ್ಮಣ್ಣನ ಜಡೆ ಮಾತ್ರ ದೇವರಿಗೇ ಪ್ರೀತಿ. ತುದಿಯಲ್ಲಿ ಒಂದು ಎಳೆಯನ್ನು ಹಿಂದಕ್ಕೆ ಮಡಚಿ ಹೊರಗೆ ಬಿಟ್ಟುಬಿಡುತ್ತಿದ್ದ.

"ಅದೇನ್ರೀ ಅದು, ಇಲಿಬಾಲ?" ಎಂದು ಹದಿನಾಲ್ಕು ವರ್ಷ ಅವಳು ಬೈದಳು.

"ಬಾಲ ಇಲ್ದಿದ್ರೆ ಇದು ನಂದು ಅಂತ ಹೆಂಗೆ ಗೊತ್ತಾಗ್ಬೇಕು?" ಎಂದು ಹದಿನಾಲ್ಕು ವರ್ಷ ಅವನು ನಕ್ಕ.

ಹದಿನೈದನೆಯ ವರ್ಷ ಒಂದು ದಿನ ಬೊಮ್ಮಣ್ಣ ಕೆರೆಗೆ ಕುದುರೆ ತೊಳೆಯಲು ಹೋದ. ಕುದುರೆ ಮರಳಿ ಬಂತು, ಅವನು ಬರಲಿಲ್ಲ. ಯಾವುದೋ ಮೇಳದ ಹೆಂಗಸಿನ ಹಿಂದೆ ಹೋದನೆಂದು ಊರು ಆಡಿಕೊಂಡಿತು. ಹೊಂಬಾಳಮ್ಮ ನಂಬಲಿಲ್ಲ. ವರ್ಷ ಕಳೆದ ಮೇಲೆ ಅರ್ಧ ನಂಬಿದಳು. ಆ ಅರ್ಧ ಅವಳನ್ನು ಹಗಲೂ ಇರುಳೂ ತಿನ್ನುತ್ತಿತ್ತು.

ಆಗ ಕರಾಳಾಕ್ಷ ಎಂಬ ಮಂತ್ರವಾದಿ ಒಂದು ಬಿಳಿ ಕುದುರೆಯನ್ನು ಹಿಡಿದುಕೊಂಡು ಅರಮನೆಗೆ ಬಂದ.

"ದೊರೆಯೇ, ಇದು ರೆಕ್ಕೆ ಮೂಡುವ ಕುದುರೆ. ಮೂರು ಹಗಲು ನಿನ್ನ ಲಾಯದಲ್ಲಿ ಶಾಂತವಾಗಿ ನಿಂತರೆ ಮೂರನೆಯ ಸಂಜೆ ಹಾರುತ್ತದೆ. ಇದನ್ನು ಏರಿದವನಿಗೆ ಗೆಲ್ಲಲಾಗದ ರಾಜ್ಯವಿಲ್ಲ" ಎಂದ.

ದೊರೆಯ ಬಾಯಲ್ಲಿ ನೀರೂರಿತು. ಆದರೆ ಕುದುರೆಯೋ ನಿಂತಲ್ಲಿ ನಿಲ್ಲದು! ಗೋಡೆ ಒದೆಯಿತು, ಗೋದಲಿ ಮುರಿಯಿತು, ನೆಲ ಕೆರೆಯಿತು. ಕುದುರೆ ನೋಡಿಕೊಳ್ಳುವ ಮೂವರು ಒದೆ ತಿಂದು ಮೂಲೆ ಸೇರಿದರು. ಕಡೆಗೆ ದೊರೆ ಹೊಂಬಾಳಮ್ಮನನ್ನು ಕರೆಸಿದ.

"ಇದನ್ನು ಸುಮ್ಮನಿರಿಸು. ಏನು ಬೇಕೋ ಕೇಳು" ಎಂದ.

"ನಾಕೂ ದಿಕ್ಕಿಗೂ ಸವಾರರನ್ನ ಕಳಿಸಿ, ಬುದ್ಧಿ. ನನ್ನ ಗಂಡನ್ನ ಹುಡುಕಿಸಿ. ಇದ್ದಾರೋ ಇಲ್ವೋ, ಅದೊಂದು ಗೊತ್ತಾಗ್ಲಿ."

ದೊರೆ ಮಾತು ಕೊಟ್ಟ. ಕರಾಳಾಕ್ಷ ಪಕ್ಕದಲ್ಲಿ ನಿಂತು ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ.

"ಒಂದು ನೇಮವಿದೆ. ತಳದ ಹುಲ್ಲನ್ನು ನಾನೇ ಹಾಸಿದ್ದೇನೆ. ಅದನ್ನು ಯಾರೂ ಎತ್ತಕೂಡದು. ಕುದುರೆ ಕೆದರಿದಾಗಲೆಲ್ಲ ಮೇಲಿಂದ ಹೊಸ ಹುಲ್ಲು ಹೊದಿಸಿ ನಯಮಾಡು" ಎಂದ ಅವನು.

"ತಳ ಎತ್ತದೆ ಹೋದ್ರೆ ಗೊರಸು ಕೊಳೀತದೆ ಸ್ವಾಮಿ."

"ನಿನಗೆ ಗಂಡ ಬೇಕೋ, ಗೊರಸು ಬೇಕೋ?"

ಹೊಂಬಾಳಮ್ಮ ಹುಲ್ಲಿನ ಹೊರೆಗೆ ಕೈಹಾಕಿದಳು. ಹುಟ್ಟಿದ ಮೇಲೆ ಅವಳು ತಳ ಎತ್ತದೆ ಹಾಸು ಹಾಸಿದ್ದು ಅದೇ ಮೊದಲು.

ಮೊದಲನೆಯ ದಿನ ಕುದುರೆ ಹಾಸಿನ ನಟ್ಟನಡುವೆ, ಒಂದೇ ಜಾಗದಲ್ಲಿ, ಕೆರೆದದ್ದೇ ಕೆರೆದದ್ದು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ಹಾಸಿಗೇನೇ ಎತ್ತಿ ಬಿಸಾಕ್ತೀಯಲ್ಲೋ, ಲೇ!" ಎಂದು ಅವಳು ಗದರಿದಳು. ಗದರಿದರೂ ಅವಳ ದನಿಯ ಕಡೆಗೇ ಅದು ಎರಡೂ ಕಿವಿ ತಿರುಗಿಸಿತು. ಸುಮ್ಮನೆ ನಿಂತ ಬಾಯಿಗೆ ಕೆಲಸ ಬೇಕೆಂಬುದು ಅವಳಿಗೆ ಗೊತ್ತಿತ್ತು. ಹಸಿ ಗರಿಕೆಯ ಸಣ್ಣ ಸಣ್ಣ ಕಟ್ಟುಗಳನ್ನು ಅಲ್ಲಲ್ಲಿ ತೂಗುಹಾಕಿದಳು. ಅವನ್ನು ಎಳೆದೆಳೆದು ತಿನ್ನುತ್ತ ಕುದುರೆ ತಣ್ಣಗಾಯಿತು. ಅಷ್ಟರಲ್ಲಿ ಬಾಗಿಲ ಜಡೆಯನ್ನು ಮಾತ್ರ ಕಿತ್ತು ಚೆಲ್ಲಾಡಿತ್ತು. ಅವಳು ಕಸ ಗುಡಿಸಿ, ಬುಟ್ಟಿ ತುಂಬಿ ತಿಪ್ಪೆಗೆ ಸುರಿದು, ಹೊಸ ಹುಲ್ಲು ಹೊದಿಸಿ ಹೊಸ ಜಡೆ ಇಟ್ಟಳು. ಸಂಜೆ ಮೈ ತಿಕ್ಕುವಾಗ ಹೆಗಲಿನ ಎರಡು ಕಡೆ ಚರ್ಮದಡಿ ನಿಂಬೆಹಣ್ಣಿನಷ್ಟು ಗಂಟು ಕೈಗೆ ಸಿಕ್ಕಿತು. "ಅಯ್ಯಯ್ಯಪ್ಪ!" ಎಂದು ಕೈ ಹಿಂದೆಳೆದುಕೊಂಡಳು.

ಎರಡನೆಯ ದಿನ ಕುದುರೆ ಮತ್ತೆ ಅದೇ ಜಾಗವನ್ನು ಕೆರೆಯಿತು, ಆದರೆ ನಿನ್ನೆಯಷ್ಟಲ್ಲ. ಒಂಟಿತನ ಕುದುರೆಗೆ ಒಗ್ಗದೆಂದು ಅವಳು ಪಕ್ಕದ ಅಂಕಣದಲ್ಲಿ ಒಂದು ಮೇಕೆ ಕಟ್ಟಿದಳು. ಮೇಕೆ ಮೆಲುಕು ಹಾಕಿತು, ಕುದುರೆ ಕಣ್ಣು ಮುಚ್ಚಿತು. ಜಡೆ ಮಾತ್ರ ಮತ್ತೆ ಚಿಂದಿ. "ನಿನಗೂ ನನ್ನ ಜಡೆಗೂ ಏನೋ ಹಗೆ, ಲೇ?" ಎಂದು ಗುಡಿಸಿದಳು, ತಿಪ್ಪೆಗೆ ಸುರಿದಳು, ಹೊಸ ಹುಲ್ಲು ಹೊದಿಸಿದಳು. ಈ ಸಲ ಅವಳ ಮಾತಿಗೆ ಒಂದೇ ಕಿವಿ ತಿರುಗಿತು. ಸಂಜೆ ನೋಡುತ್ತಾಳೆ, ಆ ಗಂಟುಗಳು ಒಡೆದು ಬಿಳಿಯ ಗರಿಗಳು ಹೊರಟಿವೆ! ಅವಳ ಕೈಯ ಚೊಂಬು ಠಣ್ಣೆಂದು ಕೆಳಗೆ ಬಿತ್ತು.

ಮೂರನೆಯ ದಿನ ಅವಳು ಕಿಟಕಿಯ ಹಲಗೆ ತೆಗೆಸಿ ಕುದುರೆಗೆ ಹೊರಗಿನ ಬಯಲು ಕಾಣುವಂತೆ ಮಾಡಿದಳು. ಕುದುರೆ ಬಯಲು ನೋಡುತ್ತ ನಿಂತುಬಿಟ್ಟಿತು. ಕೆರೆಯಲಿಲ್ಲ, ಒದೆಯಲಿಲ್ಲ, ಅವಳು ಮಾತಾಡಿಸಿದರೆ ಕಿವಿಯನ್ನೂ ಆಡಿಸಲಿಲ್ಲ. ಹೆಗಲ ಮೇಲೆ ಮೊರದಗಲ ರೆಕ್ಕೆ ಹರಡಿತ್ತು. ಬಾಗಿಲ ಅಂಚಿನಲ್ಲಿ ನಾಲ್ಕು ಕಡ್ಡಿ ಮಾತ್ರ ಬಿದ್ದಿದ್ದವು. ಅವಳಿಗೆ ಹಿಗ್ಗೋ ಹಿಗ್ಗು. ಸಂಜೆಯಾದರೆ ಸವಾರರು ಹೊರಡುತ್ತಾರೆ, ಗಂಡ ಸಿಗುತ್ತಾನೆ! ಗುಡಿಸಿ ಬುಟ್ಟಿ ಹೊತ್ತು ತಿಪ್ಪೆಗೆ ಹೋದಳು.

ಬುಟ್ಟಿ ಕೊಡವುವಾಗ ಬೆರಳಿಗೆ ಏನೋ ಸಿಕ್ಕಿಕೊಂಡಿತು. ಬೆರಳುದ್ದದ ಹುಲ್ಲಿನ ಜಡೆ. ಎಂಜಲಿನಿಂದ ಒದ್ದೆ, ಉದ್ದಕ್ಕೂ ಹಲ್ಲಿನ ಗುರುತು. ತುದಿಯಲ್ಲಿ ಒಂದು ಎಳೆ ಹಿಂದಕ್ಕೆ ಮಡಚಿ ಹೊರಗೆ ಬಿದ್ದಿತ್ತು.

ಹೊಂಬಾಳಮ್ಮ ಲದ್ದಿಯ ಮೇಲೇ ಮಂಡಿಯೂರಿದಳು. ಆಮೇಲೆ ಹುಚ್ಚಿಯಂತೆ ಎರಡೂ ಕೈಯಿಂದ ತಿಪ್ಪೆ ಬಗೆದಳು. ನಿನ್ನೆಯ ಕಸದಲ್ಲಿ ಇನ್ನೊಂದು ಜಡೆ ಸಿಕ್ಕಿತು, ಇಲಿಬಾಲದ್ದು. ಮೊನ್ನೆಯ ಕಸದಲ್ಲಿ ಮತ್ತೊಂದು, ಇಲಿಬಾಲದ್ದು.

ಬೆರಳಿಲ್ಲದ ಗಂಡ ಹಲ್ಲಿನಿಂದ ಹೆಣೆದು ಹೆಣೆದು ಇಟ್ಟಿದ್ದ. ಕೈತುಂಬ ಬೆರಳಿದ್ದ ಅವಳು ಗುಡಿಸಿ ಗುಡಿಸಿ ಎಸೆದಿದ್ದಳು. ಸಾಲದ್ದಕ್ಕೆ ಕಟ್ಟಿಕೊಂಡ ಗಂಡನನ್ನು ಮೂರು ದಿನ ಲೇ ಎಂದಿದ್ದಳು. ಅಳುತ್ತ ಕೂರಲು ಸಮಯವಿರಲಿಲ್ಲ. ಹೊತ್ತು ಪಡುವಣಕ್ಕೆ ವಾಲಿತ್ತು. ಎದ್ದು ಓಡಿದಳು.

ಲಾಯದಲ್ಲಿ ದೊರೆ ನಿಂತಿದ್ದ. ಕರಾಳಾಕ್ಷ ಜೀನು ಹಿಡಿದು ಸಿದ್ಧನಾಗಿದ್ದ. ರೆಕ್ಕೆಗಳು ಈಗ ಗೋಡೆಯಿಂದ ಗೋಡೆಗೆ ತಾಗುತ್ತಿದ್ದವು.

"ಶಭಾಷ್! ಕುದುರೆ ಶಾಂತ, ಹಾಸು ಕನ್ನಡಿ. ಮೊದಲು ನಾನು ಏರಿ ಪಳಗಿಸುತ್ತೇನೆ, ದೊರೆಯೇ" ಎಂದ ಮಂತ್ರವಾದಿ.

"ಏನ್ರೀ!" ಎಂದು ಹೊಂಬಾಳಮ್ಮ ಕೂಗಿದಳು. ಕುದುರೆ ಅಲುಗಲಿಲ್ಲ. "ಏನ್ರೀ, ನಾನು ಕಣ್ರೀ!" ಎಂದಳು. ಕುದುರೆ ಅಲುಗಲಿಲ್ಲ. ಅವಳು ಕೈಯಲ್ಲಿದ್ದ ಜಡೆ ಎತ್ತಿ ತೋರಿಸಿ, ಕೊರಳು ಕಿತ್ತುಹೋಗುವಂತೆ "ಅದೇನ್ರೀ ಅದು, ಇಲಿಬಾಲ?" ಎಂದು ಕಿರುಚಿದಳು.

ಒಂದು ಕಿವಿ ತಿರುಗಿತು. ಮುಂಗಾಲು ಎದ್ದು ಹಾಸಿನ ನಡುವೆ, ಅದೇ ಜಾಗವನ್ನು, ಒಮ್ಮೆ ಕೆರೆಯಿತು.

ಆಗ ಅವಳಿಗೆ ಹೊಳೆಯಿತು. ಕವೆಗೋಲು ಎಳೆದುಕೊಂಡು ತಾನೇ ಹಾಸಿದ ಹಾಸನ್ನು ಬಗೆಯತೊಡಗಿದಳು. ಹುಲ್ಲು ಅತ್ತ ಹಾರಿತು, ಇತ್ತ ಹಾರಿತು, ದೊರೆಯ ಕಿರೀಟದ ಮೇಲೂ ಬಿತ್ತು. ಲಾಯದವರೆಲ್ಲ ಬಾಯಿ ಬಿಟ್ಟು ನಿಂತರು. ಕಡ್ಡಿ ಅಲುಗಿದರೆ ಸಹಿಸದ ಹೊಂಬಾಳಮ್ಮನೇ ಇವಳು?

"ತಳ ಮುಟ್ಟಬೇಡ!" ಎಂದು ಕರಾಳಾಕ್ಷ ಅರಚಿದ. ಆ ಅರಚುವಿಕೆಗೆ ಮೇಕೆಯೂ ಮೆಲುಕು ನಿಲ್ಲಿಸಿತು.

ಅವಳು ತಳ ಎತ್ತಿದಳು. ಅಡಿಯಲ್ಲಿ ಕಪ್ಪು ಪುಡಿಯ ಮೂರು ಸುತ್ತಿನ ರಂಗೋಲಿ. ನಡುವೆ ಏಳು ಗಂಟು ಹಾಕಿ ಗೂಟ ಬಡಿದಿದ್ದ ಹಸಿರು ಅಂಚಿನ ರುಮಾಲು. ಆ ಅಂಚನ್ನು ಹೊಲಿದವಳು ಅವಳೇ.

ಹೊಂಬಾಳಮ್ಮ ಗೂಟ ಕಿತ್ತೆಸೆದು ಪೊರಕೆ ಹಿಡಿದಳು. ಮೊದಲ ಸುತ್ತು ಗುಡಿಸಿದಳು, ರೆಕ್ಕೆಗಳು ಉದುರಿದವು. ಎರಡನೆಯ ಸುತ್ತು ಗುಡಿಸಿದಳು, ಗೊರಸು ಒಡೆದು ಬೆರಳಾದವು. ಮೂರನೆಯ ಸುತ್ತು ಗುಡಿಸಿದಳು. ಹುಲ್ಲಿನ ನಡುವೆ ಬೊಮ್ಮಣ್ಣ ನಾಲ್ಕು ಕಾಲಿನಲ್ಲಿ ನಿಂತು ಕೆಮ್ಮುತ್ತಿದ್ದ.

ಮಂತ್ರವಾದಿ ಓಡಲು ಹೋಗಿ, ಗುಡಿಸಿದ ಕಪ್ಪು ಪುಡಿಯ ಮೇಲೇ ಕಾಲಿಟ್ಟ. ಮಂತ್ರ ಹಾಕಿದವನನ್ನೇ ಹಿಡಿಯಿತು. ಅವನು ಕುಗ್ಗಿ ಕುಗ್ಗಿ ಒಂದು ನೊಣವಾಗಿ ಗುಂಯ್ ಎಂದು ಹಾರಿದ. ಲಾಯದ ನೂರೊಂದು ಕುದುರೆಗಳು ಬಾಲ ಬೀಸಿದವು. ಅವನು ಎಷ್ಟನೆಯ ಬಾಲಕ್ಕೆ ಸಿಕ್ಕನೋ ನೋಡಿದವರಿಲ್ಲ.

ಅಂಗವಸ್ತ್ರ ತೆಗೆದು ದೊರೆಯೇ ಬೊಮ್ಮಣ್ಣನಿಗೆ ಹೊದಿಸಿದ. ಬೊಮ್ಮಣ್ಣ ತೊದಲುತ್ತ ಎಲ್ಲ ಹೇಳಿದ. ಕೆರೆಯ ಹತ್ತಿರ ಮಂತ್ರವಾದಿ ಅವನ ರುಮಾಲು ಕಸಿದು ಕುದುರೆ ಮಾಡಿದ್ದ. ಮೂರು ಹಗಲು ಆ ರಂಗೋಲಿ ಅಳಿಯದೆ ಉಳಿದರೆ ಬೊಮ್ಮಣ್ಣ ತಾನು ಮನುಷ್ಯನೆಂಬುದನ್ನೇ ಮರೆಯುತ್ತಿದ್ದ. ಮರೆತಷ್ಟೂ ರೆಕ್ಕೆ ಬೆಳೆಯುತ್ತಿತ್ತು, ಪೂರಾ ಮರೆತರೆ ಹಾರಾಟ. ಅದನ್ನೇರಿ ರಾಜ್ಯ ಗೆಲ್ಲಲಿದ್ದವನು ಕರಾಳಾಕ್ಷ; ಮೊದಲು ಗೆಲ್ಲಲಿದ್ದದ್ದು ಮುತ್ತಿನಕೆರೆಯನ್ನೇ. ಕಂಡವರ ರಾಜ್ಯಕ್ಕೆ ಆಸೆಪಟ್ಟದ್ದಕ್ಕೆ ದೊರೆ ನಾಚಿ ತಲೆ ತಗ್ಗಿಸಿದ.

ಎಲ್ಲರೂ ಹೋದ ಮೇಲೆ ಗಂಡಹೆಂಡಿರು ಕೆದರಿದ ಹುಲ್ಲನ್ನು ನೋಡುತ್ತ ನಿಂತರು.

"ಲೇ ಅಂದ್ಯಲ್ಲ ನನ್ನ, ಅದೂ ಎಷ್ಟು ಸಲ!" ಎಂದ ಬೊಮ್ಮಣ್ಣ.

ಅವಳಿಗೆ ಆಗ ಅಳು ಬಂತು. "ಅದಲ್ಲ ಕಣ್ರೀ. ನೀವು ಬಿಟ್ಟು ಹೋದ್ರಿ ಅಂತ ಅರ್ಧ ನಂಬಿಬಿಟ್ಟಿದ್ದೆ."

"ಇನ್ನರ್ಧ ಸಾಕಾಯ್ತಲ್ಲ" ಎಂದು ಅವನು ಹುಲ್ಲಿಗೆ ಕೈಹಾಕಿದ.

ಇಬ್ಬರೂ ನೆಲ ತೊಳೆದು, ಆರಲು ಬಿಟ್ಟು, ತಳದಿಂದ ಹೊಸ ಹಾಸು ಹಾಸಿದರು. ಬಾಗಿಲಲ್ಲಿ ಅವನು ಜಡೆ ಹೆಣೆದ, ತುದಿಯಲ್ಲಿ ಒಂದು ಎಳೆ ಹೊರಗೆ ಬಿಟ್ಟ. ಹೊಂಬಾಳಮ್ಮನ ಕೈ ಅಭ್ಯಾಸಬಲದಿಂದ ಅದನ್ನು ಸರಿಮಾಡಲು ಹೋಯಿತು, ಹೋದದ್ದು ಹಿಂದೆ ಬಂತು.

ಆಮೇಲೆ ಮುತ್ತಿನಕೆರೆಯಲ್ಲಿ ಕುದುರೆಗಳೂ ಜನರೂ ಒಣಗಿದ ಹಾಸಿನ ಮೇಲೆ ನೆಮ್ಮದಿಯಾಗಿ ಮಲಗಿ ಎದ್ದರು. ತಳ ಎತ್ತದೆ ಅಲ್ಲಿ ಯಾರೂ ಹಾಸು ಹಾಸುವುದಿಲ್ಲ. ಹೊಂಬಾಳಮ್ಮ ಸಾಯುವತನಕ ತನ್ನ ಜಡೆಗೂ ಒಂದು ಇಲಿಬಾಲ ಬಿಡುತ್ತಿದ್ದಳು.