ಮೇಜಿಗೊಬ್ಬ ಅಜ್ಜ

ಕಾಲೇಜಿನ ಗೆಳೆಯ ಇಸವಿ ಗಾಜಿನ ಬಾಗಿಲು ತಳ್ಳಿಕೊಂಡು ಶೋರೂಮಿನೊಳಗೆ ಬಂದಾಗ ನಾನು ಒಂದು ಮೇಜಿಗೆ ಅಜ್ಜನನ್ನು ಹುಡುಕುತ್ತಿದ್ದೆ.

ಹುಡುಕುವುದೆಂದರೆ ಹುಟ್ಟಿಸುವುದು. ನಮ್ಮದು ಹಳೆಯ ಕಾಲದ ಮೇಜು, ಕುರ್ಚಿ, ಬೀರುಗಳ ಅಂಗಡಿ. ಹಳೆಯ ಕಾಲ ಎನ್ನುವುದು ಬೋರ್ಡಿನ ಮೇಲೆ ಮಾತ್ರ. ಹಿಂದಿನ ಶೆಡ್ಡಿನಲ್ಲಿ ಹೊಸ ಮರಕ್ಕೆ ಸರಪಳಿಯಿಂದ ಹೊಡೆದು ಗಾಯ ಮಾಡುತ್ತಾರೆ, ಸಣ್ಣ ಡ್ರಿಲ್ಲಿನಿಂದ ಹುಳು ತಿಂದಂಥ ತೂತು ಕೊರೆಯುತ್ತಾರೆ, ಕುದಿಸಿದ ಚಹಾ ಬಳಿದು ಬಿಸಿಲಿಗಿಡುತ್ತಾರೆ. ಆಮೇಲೆ ಅದು ನನ್ನ ಬಳಿ ಬರುತ್ತದೆ. ಇದರ ಮೇಲೆ ಯಾರು ಉಂಡರು, ಯಾರು ಅತ್ತರು ಎಂದು ದಪ್ಪ ಕಾರ್ಡಿನಲ್ಲಿ ಚೆಂದವಾಗಿ ಬರೆದು ತೂಗುಹಾಕಿದರೆ ಬೆಲೆ ದುಪ್ಪಟ್ಟಾಗುತ್ತದೆ. ನನ್ನ ಇತಿಹಾಸದ ಎಂ.ಎ.ಗೆ ಪೇಟೆ ಕಟ್ಟಿದ ಬೆಲೆಯೂ ಇದೇ.

"ಸತ್ತೋರ ಬಗ್ಗೆ ಓದಿದ್ರೆ ಬದುಕಿರೋರು ಯಾಕಮ್ಮ ಸಂಬಳ ಕೊಡ್ತಾರೆ?" ಎಂದು ನನ್ನ ಭಾವ ಮನೆಗೆ ಬಂದಾಗಲೆಲ್ಲ ಕೇಳುತ್ತಿದ್ದರು. ಈ ಕೆಲಸ ಸಿಕ್ಕ ಮೇಲೆ ಆ ಜೋಕು ನಿಂತಿತು. ಅಷ್ಟರಮಟ್ಟಿಗೆ ನಾನು ಸುಳ್ಳಿಗೆ ಋಣಿ.

ಆದರೆ ಪ್ರತಿ ಕಾರ್ಡಿನಲ್ಲೂ ಬೇಕೆಂದೇ ಒಂದು ತಪ್ಪು ಸೇರಿಸುತ್ತಿದ್ದೆ. ರೈಲೇ ಹುಟ್ಟದ ಕಾಲಕ್ಕೆ ಒಬ್ಬ ಸ್ಟೇಷನ್ ಮಾಸ್ತರರು, ಬಲ್ಬೇ ಇಲ್ಲದ ಕಾಲಕ್ಕೆ ಕರೆಂಟು ಹೋದ ಒಂದು ರಾತ್ರಿ. ಇತಿಹಾಸ ಓದಿದ ಯಾರಾದರೂ ಒಬ್ಬರು ಅದನ್ನು ಕಂಡುಹಿಡಿದು, ತಿರುಗಿ ನನ್ನ ಮುಖ ನೋಡಿ ನಗಲಿ ಎಂದು ಆಸೆ. ಯಾರೂ ನಗಲಿಲ್ಲ. ಬಂದವರೆಲ್ಲ ತಪ್ಪಿನ ಸಮೇತ ಪ್ಯಾಕ್ ಮಾಡಿಸಿಕೊಂಡು ಹೋದರು.

ಈಗ ಇಸವಿ ಬಂದಿದ್ದ. ಕಾಲೇಜಿನಲ್ಲಿ ಯಾವ ಘಟನೆ ಕೇಳಿದರೂ ಥಟ್ಟನೆ ವರ್ಷ ಹೇಳುತ್ತಿದ್ದವನು. ಅವನ ನಿಜವಾದ ಹೆಸರನ್ನು ಮೇಷ್ಟ್ರುಗಳೂ ಮರೆತಿದ್ದರು. ನನ್ನನ್ನು ಅವನು ಪುರಾವೆ ಎಂದು ಕರೆಯುತ್ತಿದ್ದ, ಏನು ಹೇಳಿದರೂ ಪುರಾವೆ ಕೇಳುತ್ತೇನೆಂದು. "ನಿನ್ನ ಕಂಡ್ರೆ ನಂಗಿಷ್ಟ" ಎಂದು ಅವನು ಹೇಳಿದಾಗಲೂ ಕೇಳಿದ್ದೆ. "ಖಾಯಂ ಕೆಲಸ ಸಿಗಲಿ, ಮಾರನೇ ದಿನ ನಿಮ್ಮಪ್ಪನ ಮುಂದೆ ಬಂದು ನಿಲ್ತೀನಿ. ಅದೇ ಪುರಾವೆ" ಎಂದಿದ್ದ. ಸಿಕ್ಕಿದ್ದು ಗಂಟೆ ಲೆಕ್ಕದ ಅತಿಥಿ ಉಪನ್ಯಾಸಕನ ಕೆಲಸ. ಅತಿಥಿ ಅತಿಥಿಯಾಗಿಯೇ ಉಳಿದ. ಫೋನು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಅದಾಗಿ ಎರಡು ವರ್ಷ.

"ಪುರಾವೆ? ನೀನು ಇಲ್ಲಿದ್ದೀಯಾ?"

"ಎರಡು ವರ್ಷದಿಂದ ಇಲ್ಲೇ ಇದ್ದೀನಿ. ಅಮ್ಮನ್ನ ಕೇಳಿದ್ರೆ ವಿಳಾಸ ಹೇಳ್ತಿದ್ರು."

ಅವನ ಕಿವಿ ಕೆಂಪಾಯಿತು. ಆ ಕಿವಿಗಳು ಮೊದಲಿನಿಂದಲೂ ಅವನ ಮಾತು ಕೇಳುವುದಿಲ್ಲ. ಶರ್ಟಿನ ಕಾಲರ್ ಸವೆದಿತ್ತು, ಕಣ್ಣು ಮಾತ್ರ ಅದೇ ಕಣ್ಣು. ನನ್ನ ಹಾಳು ಎದೆ ಹಳೆಯ ಲೆಕ್ಕವನ್ನೆಲ್ಲ ಮನ್ನಾ ಮಾಡಿಬಿಟ್ಟಿತು.

ಅವನು ಒಬ್ಬನೇ ಬಂದಿರಲಿಲ್ಲ. ಹೋಟೆಲೊಂದರ ಒಡತಿ ಮೇಡಂ ಕೋಣೆಕೋಣೆಗೂ ಹಳೆಯ ಮೇಜು ಕುರ್ಚಿ ಹಾಕಿಸಲು ಹೊರಟಿದ್ದರು. ಮೋಸ ಹೋಗಬಾರದೆಂದು ಫೀಸು ಕೊಟ್ಟು ಇತಿಹಾಸದ ಉಪನ್ಯಾಸಕನನ್ನು ಕರೆತಂದಿದ್ದರು.

ಇಸವಿ ಕೈ ಹಿಂದೆ ಕಟ್ಟಿಕೊಂಡು ಒಂದೊಂದೇ ಕಾರ್ಡು ಓದುತ್ತ ಬಂದ. ದೊಡ್ಡ ಮೇಜಿನ ಮುಂದೆ ನಿಂತ. ಅದರ ಕಾರ್ಡಿನಲ್ಲಿ 1831ರಲ್ಲಿ ಒಬ್ಬ ವೈದ್ಯರು ತೀರಿಹೋದ ಹೆಂಡತಿಯ ಫೋಟೋ ಎದುರಿಗಿಟ್ಟುಕೊಂಡು ಕಣ್ಣೀರು ಹಾಕುತ್ತಿದ್ದರು. ಅವನ ಬೆರಳು ಆ ವರ್ಷದ ಮೇಲೆ ನಿಂತಿತು. ಆಗಿನ್ನೂ ಫೋಟೋ ಎಲ್ಲಿತ್ತು? ಅವನು ನಿಧಾನವಾಗಿ ತಲೆಯೆತ್ತಿ ನನ್ನನ್ನು ನೋಡಿದ. ಎಡಹುಬ್ಬು ಮೇಲೇರಿತು. ಇನ್ನೊಂದು ಕಾರ್ಡಿಗೆ ಹೋದ, ಓದಿದ, ಮತ್ತೆ ನೋಡಿದ. ತುಟಿಯ ಮೂಲೆಯಲ್ಲಿ ನಗು ಕಾಣಿಸಿತು, ನಾನು ಕಾಯುತ್ತಿದ್ದ ಅದೇ ನಗು.

ನನಗೂ ನಗು ಬಂತು. ತುಂಬಿದ ಅಂಗಡಿಯಲ್ಲಿ ನಾವಿಬ್ಬರೇ ಇದ್ದಂತೆ ಅನಿಸಿತು. ಹೇಳಿಬಿಡು ಮಾರಾಯ, ನನ್ನ ಕೆಲಸ ಹೋದರೂ ಪರವಾಗಿಲ್ಲ ಎಂದು ಮನಸ್ಸಿನಲ್ಲೇ ಅವನಿಗೆ ಹೇಳಿದೆ.

"ಏನಂತೀರಿ ಸರ್?" ಮೇಡಂ ಕೇಳಿದರು. "ನಿಜವಾಗ್ಲೂ ಹಳೇದೇನಾ?"

"ಒಂದು ತಪ್ಪಿದೆ ಮೇಡಂ."

ಅಂಗಡಿಯ ಯಜಮಾನರ ಮುಖ ಬಿಳಿಚಿಕೊಂಡಿತು.

"ಇದು 1831 ಅಲ್ಲ, 1861 ಇರಬೇಕು. ಬರೆಯೋವಾಗ ಕೈ ತಪ್ಪಿದೆ ಅಷ್ಟೇ. ಮೇಜು ಆ ಕಾಲದ್ದೇ, ಅನುಮಾನ ಇಲ್ಲ. ಬೇರೆ ಕಾರ್ಡಲ್ಲೂ ಇಂಥ ಸಣ್ಣಪುಟ್ಟದ್ದಿದೆ, ತಿದ್ದಿ ಕೊಡ್ತೀನಿ."

ತಪ್ಪು ಹಿಡಿದವನ ಮೇಲೆ ಮೇಡಂಗೆ ನಂಬಿಕೆ ಇಮ್ಮಡಿಯಾಯಿತು. ಅಲ್ಲಿದ್ದುದನ್ನೆಲ್ಲ ಕೊಂಡರು. ಅವರ ಕಾರು ಗೇಟು ದಾಟುವ ಮೊದಲೇ ಯಜಮಾನರು ಇಸವಿಯ ಹೆಗಲ ಮೇಲೆ ಕೈ ಹಾಕಿ, "ನೀವು ಎಲ್ಲಿದ್ರಿ ಸ್ವಾಮಿ ಇಷ್ಟು ದಿನ? ನಾಳೆಯಿಂದ ಬಂದ್ಬಿಡಿ, ಖಾಯಂ" ಎಂದರು.

ನಾನು ಹಿಂದಿನ ಶೆಡ್ಡಿಗೆ ಹೋದೆ. ಅವನೂ ಹಿಂದೆಯೇ ಬಂದ. ಕುದಿಯುವ ಚಹಾದ ವಾಸನೆಯಲ್ಲಿ, ಹೊಡೆತ ತಿಂದ ಕುರ್ಚಿಗಳ ನಡುವೆ ನಿಂತೆವು.

"ಯಾಕೆ ಸುಳ್ಳು ಹೇಳ್ದೆ?"

"ನಿನ್ನ ಕೆಲಸ ಹೋಗ್ತಿತ್ತು."

"ಹೋಗ್ಲಿ, ಯಾರಾದ್ರೂ ಹಿಡೀಲಿ ಅಂತಾನೇ ತಪ್ಪು ಬರೀತಿದ್ದೆ."

ಅವನು ಒಂದು ಕುರ್ಚಿಯ ತೂತುಗಳ ಮೇಲೆ ಬೆರಳಾಡಿಸಿದ. "ಅದು ಹೊಟ್ಟೆ ತುಂಬಿದೋರ ಆಟ ಕಣೇ. ತಪ್ಪು ಬರೆದು ಮನಸ್ಸು ಹಗುರ ಮಾಡ್ಕೊಂಡೆ, ಸಂಬಳ ಮಾತ್ರ ಪೂರ್ತಿ ತಗೊಂಡೆ. ನಂಗೆ ಕಾಲೇಜಿಗೆ ರಜೆ ಬಂದ್ರೆ ಸಂಬಳಕ್ಕೂ ರಜೆ. ಕ್ಲಾಸಲ್ಲಿ ಹುಡುಗರು, ಹಿಸ್ಟರಿ ಓದಿದ್ರೆ ಏನು ಸಿಗುತ್ತೆ ಸರ್ ಅಂತ ಕೇಳಿದ್ರೆ ಬೋರ್ಡಿನ ಕಡೆ ತಿರುಗ್ತಿದ್ದೆ. ಇವತ್ತು ಮೊದಲ್ನೇ ಸಲ ನಾನು ಓದಿದ್ದಕ್ಕೆ ಒಬ್ಬರು ಬೆಲೆ ಕೊಟ್ರು."

ಕೆನ್ನೆಗೆ ಹೊಡೆದಂತಾಯಿತು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದೇ ಸಂಕಟ.

"ನಿಮ್ಮಪ್ಪನ ಹತ್ರ ಬರ್ಲಾ?" ಎಂದ, ಮೆತ್ತಗೆ. ಹಣೆಯ ಮೇಲೆ ಬಿದ್ದಿದ್ದ ನನ್ನ ಕೂದಲನ್ನು ಬೆರಳ ತುದಿಯಿಂದ ಸರಿಸಿದ. "ಈಗ ಖಾಯಂ ಆಯ್ತಲ್ಲ."

ಎರಡು ವರ್ಷ ಕಾದ ಮಾತು ಅದು. ನನ್ನನ್ನು ಓದಬಲ್ಲವನು ಲೋಕದಲ್ಲಿ ಇವನೊಬ್ಬನೇ, ಓದಿದವನೇ ನನ್ನನ್ನು ಅಳಿಸಿ ತಿದ್ದಿದ್ದ. ಸಿಟ್ಟು ಬಂದಿತ್ತು, ಅವನು ಬೇಕೂ ಆಗಿದ್ದ. ಬೇಕು ಅನ್ನುವುದೇ ಗೆದ್ದಿತು.

"ಭಾನುವಾರ ಬಾ," ಅಂದೆ. "ಭಾವನೂ ಇರ್ತಾರೆ."

ಭಾನುವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ಅಪ್ಪ ಸಂಬಳ ಕೇಳಿದರು, ತಲೆಯಾಡಿಸಿದರು. ಅಕ್ಕ ನನ್ನನ್ನು ಮೊಣಕೈಯಿಂದ ತಿವಿದಳು. ಭಾವ ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ.

"ಅಲ್ಲಪ್ಪಾ, ಎರಡು ವರ್ಷ ನಿನ್ನ ಸುದ್ದಿನೇ ಇಲ್ಲ. ಇವಳು ಊಟ ಬಿಟ್ಟು ಕೂತಿದ್ದನ್ನ ನಾವು ನೋಡಿದ್ದೀವಿ. ಈಗ ಸಂಬಳ ಬಂತು ಅಂತ ಪ್ರೀತಿನೂ ನೆನಪಾಯ್ತಾ?"

ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಭಾವ ಕೇಳಿದ್ದರು. ಉತ್ತರ ನನಗೂ ಬೇಕಿತ್ತು. ನಾಚಿಕೆಯಾಯಿತು ಅನ್ನಲಿ, ಮರೆಯಲು ನೋಡಿದೆ ಅನ್ನಲಿ, ನಿಜ ಒಂದಿಷ್ಟು ಬಂದರೆ ಸಾಕಿತ್ತು.

"ಸುದ್ದಿ ಇರ್ಲಿಲ್ಲ, ಆದ್ರೆ ನಾನಿದ್ದೆ," ಎಂದ ಇಸವಿ. ದನಿ ಇಳಿದಿತ್ತು. "ಪ್ರತಿ ಶನಿವಾರ ಸಂಜೆ ಅಂಗಡಿ ಎದುರಿನ ಬಸ್ ಸ್ಟಾಪಲ್ಲಿ ನಿಲ್ತಿದ್ದೆ. ಇವಳು ಮನೆಗೆ ಹೊರಡೋದನ್ನ ದೂರದಿಂದ ನೋಡಿ ಹೋಗ್ತಿದ್ದೆ. ಬರಿಗೈಲಿ ಎದುರಿಗೆ ಬರೋಕೆ ಮುಖ ಇರ್ಲಿಲ್ಲ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಪ್ಪ ಕನ್ನಡಕ ತೆಗೆದರು. ಭಾವನೂ ತಲೆದೂಗಿದರು. ಅಷ್ಟು ಚೆನ್ನಾಗಿತ್ತು ಕಥೆ. ಅವನು ಒಂದು ಶನಿವಾರವೂ ಬಂದಿರಲಿಲ್ಲ. ನಾನು ಆ ಅಂಗಡಿಯಲ್ಲಿದ್ದೇನೆಂಬುದೇ ಅವನಿಗೆ ಗೊತ್ತಿರಲಿಲ್ಲ.

"ಹೌದೇನೇ?" ಅಕ್ಕ ನನ್ನ ಕೈ ಹಿಡಿದುಕೊಂಡಳು. "ನೀನು ನೋಡಿದ್ದಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಅವನೂ ತಿರುಗಿದ. ಬೇಡುವ ಕಣ್ಣು, ಈಗಲೂ ಚೆಂದದ ಕಣ್ಣು.

"ನೋಡಿದ್ದೆ," ಅಂದೆ. "ನೀಲಿ ಶರ್ಟು ಹಾಕ್ಕೊಂಡು ಬರ್ತಿದ್ದ."